ಪಟ್ಟಿಯ ಸಾಲು ಜೋಡಿಸುವವರು ಯಾರು?

ಉದ್ದದ ಪೋಸ್ಟ್ ಇದು. ಪುರುಸೊತ್ತು ಇದ್ದಾಗ ಓದಿ, ಆದರೆ ಪೂರ್ತಿ ಓದಿ.

ಒಳಮೀಸಲಾತಿಯ ಚರ್ಚೆಯಲ್ಲಿ ನಾವೆಲ್ಲ ಒಂದೇ ಮಾತು ಹೇಳ್ತಾ ಬಂದೆವು: ಅಂಕಿಅಂಶ ಕೊಡಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ದವಿಂದರ್ ಸಿಂಗ್ ಪ್ರಕರಣದಲ್ಲಿ ಉಪವರ್ಗೀಕರಣ ಮಾಡಬಹುದು ಅಂತ ಹೇಳಿದಾಗಲೂ, ಅದಕ್ಕೆ ಅಂಕಿಅಂಶದ ಆಧಾರ ಬೇಕು ಅಂದಿತು. ನಂತರ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ಬಂತು. 2025ರ ಮೇ ತಿಂಗಳಲ್ಲಿ ಸಮೀಕ್ಷೆ ಶುರುವಾಯಿತು. 27 ಲಕ್ಷಕ್ಕೂ ಹೆಚ್ಚು ಕುಟುಂಬ, ಸುಮಾರು 1.07 ಕೋಟಿ ಜನ. ಆಗಸ್ಟ್ 4ರಂದು 1,766 ಪುಟಗಳ ವರದಿ ಸರ್ಕಾರದ ಕೈಗೆ ಹೋಯಿತು.

ಸರಿ, ಲೆಕ್ಕ ಆಯಿತು. ಇನ್ನು ಅದನ್ನು ಓದುವುದು ಹೇಗೆ? ಈ ಪ್ರಶ್ನೆ ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಪಟ್ಟಿ ಕೈಗೆ ಬಂದ ಕೂಡಲೇ ನಾವು ಮಾಡುವುದು ಎಂತ? ನಮ್ಮ ಜಾತಿಯ ಹೆಸರು ಹುಡುಕುತ್ತೇವೆ, ಅದರ ಎದುರಿಗಿರುವ ಸಂಖ್ಯೆ ನೋಡುತ್ತೇವೆ, ಪಕ್ಕದವರದ್ದಕ್ಕಿಂತ ಹೆಚ್ಚೋ ಕಡಿಮೆಯೋ ಅಂತ ನೋಡಿ ಫೋನ್ ಕೆಳಗಿಡುತ್ತೇವೆ. ಅಲ್ಲಿಗೆ ಓದು ಮುಗಿಯಿತು. ತಪ್ಪು ಓದುವವರದ್ದಲ್ಲ. ಪಟ್ಟಿಯನ್ನು ಜೋಡಿಸಿದ ರೀತಿಯೇ ಹಾಗುಂಟು. ಅದರಲ್ಲಿ ಅಷ್ಟೇ ಕಾಣುತ್ತದೆ.

ನಾನು ಹೇಳಲಿಕ್ಕೆ ಹೊರಟದ್ದು ಇಷ್ಟು. ಪಟ್ಟಿಯಲ್ಲಿ ಯಾವ ಸಾಲಿನ ಪಕ್ಕ ಯಾವ ಸಾಲು ಬರಬೇಕು ಎನ್ನುವುದು ಗುಮಾಸ್ತರ ಕೆಲಸ ಅಂತ ಬಿಟ್ಟುಬಿಡುವ ವಿಷಯ ಅಲ್ಲ. ಅದರಲ್ಲಿ ರಾಜಕೀಯ ಉಂಟು. ಅದನ್ನು ನಮ್ಮ ಕೈಗೆ ತೆಗೆದುಕೊಳ್ಳುವ ಉಪಾಯವೂ ಈಗ ಉಂಟು, ಪುಕ್ಕಟೆ ಉಂಟು.

ಎ, ಬಿ, ಸಿ, ಡಿ ಜೋಡಿಸಿದ ಬದುಕು

ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಹೆಸರು ಇವೆ. ಯಾವ ಕ್ರಮದಲ್ಲಿ? ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಆದಿ ಆಂಧ್ರ, ಆದಿ ದ್ರಾವಿಡ, ಆದಿ ಕರ್ನಾಟಕ ಅಂತ ಶುರುವಾಗುತ್ತದೆ. ನಮ್ಮ ತುಳುನಾಡಿನ ಸಮುದಾಯಗಳನ್ನೇ ಹುಡುಕಿ ನೋಡಿ. ಅಜಿಲ ‘ಎ’ಯಲ್ಲಿ, ಬಾಕುಡ ‘ಬಿ’ಯಲ್ಲಿ, ಮೊಗೇರ, ಮುಂಡಾಲ ‘ಎಂ’ನಲ್ಲಿ, ನಲ್ಕೆದಾಯ ‘ಎನ್’ನಲ್ಲಿ, ಪಂಬದ ‘ಪಿ’ಯಲ್ಲಿ. ನಡುನಡುವೆ ಬೀದರಿನವರು, ಬೆಳಗಾವಿಯವರು, ಕೋಲಾರದವರು. ಒಂದೇ ಊರಿನಲ್ಲಿ, ಒಂದೇ ಥರದ ಕೆಲಸದಲ್ಲಿ, ಒಂದೇ ಥರದ ಅವಮಾನದಲ್ಲಿ ಬದುಕಿದವರು ಪಟ್ಟಿಯಲ್ಲಿ ದಿಕ್ಕಾಪಾಲು. ಅಕ್ಕಪಕ್ಕ ಇಟ್ಟರೆ ತಾನೇ ಹೋಲಿಕೆ ಕಾಣುವುದು? ನಾಲ್ಕು ಪುಟ ದಾಟಿ ಹೋದ ಸಾಲನ್ನು ಯಾರ ಕಣ್ಣು ನೆನಪಿಟ್ಟುಕೊಳ್ಳುತ್ತದೆ?

ಅಕ್ಷರ ಬಿಟ್ಟರೆ ಇರುವ ಇನ್ನೊಂದು ಕ್ರಮ ಜನಸಂಖ್ಯೆಯದ್ದು. ದೊಡ್ಡದು ಮೇಲೆ, ಸಣ್ಣದು ಕೆಳಗೆ. ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು 2011ರ ಜನಗಣತಿಯ ಪ್ರಕಾರ ಸುಮಾರು ಶೇ. 17, ದಕ್ಷಿಣ ಕನ್ನಡದಲ್ಲಿ ಸುಮಾರು ಶೇ. 7. ಆ ಕ್ರಮದಲ್ಲಿ ಜಿಲ್ಲೆಗಳನ್ನು ಜೋಡಿಸಿದರೆ ನಾವೂ ಉಡುಪಿಯವರೂ ತಳಕ್ಕೆ ಹೋಗುತ್ತೇವೆ. ಪುಟದ ತಳಕ್ಕೆ ಹೋದವರನ್ನು ಬಜೆಟ್ ಬರೆಯುವವರು ನೋಡುವುದು ಕಡಿಮೆ.

ಮೂರನೆಯದು ಸರಾಸರಿಯ ಕ್ರಮ. ಇದರಲ್ಲಿ ನಾವು ಮೇಲೆ. 2011ರಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ರಾಜ್ಯಕ್ಕೇ ಮೊದಲು. ‘ಬುದ್ಧಿವಂತರ ಜಿಲ್ಲೆ’ ಅಂತ ವೇದಿಕೆ ಹತ್ತಿದವರೆಲ್ಲ ಹೇಳ್ತಾರೆ. ಅದೇ ಜಿಲ್ಲೆಯ ಪರಿಶಿಷ್ಟ ಪಂಗಡದ ಕಾಲಂ ತೆಗೆಯಿರಿ. ಮರಾಟಿ ನಾಯ್ಕರು, ಮಲೆಕುಡಿಯರು, ಕೊರಗರು ಎಲ್ಲರೂ ಒಂದೇ ಅಂಕಿಯೊಳಗೆ. ಅಜಲು ಪದ್ಧತಿಯನ್ನು ನಿಷೇಧಿಸಲಿಕ್ಕೆ 2000ನೇ ಇಸವಿಯಲ್ಲಿ ಕಾನೂನು ಮಾಡಬೇಕಾಗಿ ಬಂದ ಕೊರಗರ ಸ್ಥಿತಿ ಆ ಒಟ್ಟು ಅಂಕಿಯಲ್ಲಿ ಎಲ್ಲಿ ಕಾಣಬೇಕು ಮಾರಾಯ್ರೆ?

ಒಂದು ಸಣ್ಣ ಲೆಕ್ಕ

ಬರೀ ಮಾತು ಬೇಡ, ಮಾಡಿ ನೋಡುವ. ಇದು ಕಲ್ಪಿತ ಉದಾಹರಣೆ, ಯಾವ ಊರಿನ ಹೆಸರೂ ಇಲ್ಲ. ಆರು ಕಾಲನಿ, ಆರು ಪ್ರಶ್ನೆ. ಕಾಲನಿಗಳು ಅ, ಆ, ಇ, ಈ, ಉ, ಊ. ಪ್ರಶ್ನೆಗಳು ಅಕ್ಷರ ಕ್ರಮದಲ್ಲಿ: ಚರಂಡಿ, ಜಾತಿ ಸರ್ಟಿಫಿಕೇಟು, ನೀರು, ರಸ್ತೆ, ಸ್ಮಶಾನ, ಹಕ್ಕುಪತ್ರ. ಕಪ್ಪು ಚೌಕ ಅಂದರೆ ‘ಇಲ್ಲ’, ಬಿಳಿ ಚೌಕ ಅಂದರೆ ‘ಉಂಟು’.

ಅ ■ □ ■ ■ □ □
ಆ □ ■ □ □ ■ ■
ಇ □ ■ □ □ ■ ■
ಈ ■ □ ■ ■ □ □
ಉ ■ □ ■ ■ □ □
ಊ □ ■ □ □ ■ ■

ಅಧಿಕಾರಿ ಇದನ್ನು ಹೇಗೆ ಓದುತ್ತಾನೆ? ಪ್ರತಿ ಸಾಲಿನ ಮೊತ್ತ ಹಾಕುತ್ತಾನೆ. ಎಲ್ಲ ಕಾಲನಿಗೂ ಮೂರು ಕೊರತೆ. ಪ್ರತಿ ಕಾಲಂನ ಮೊತ್ತ ಹಾಕುತ್ತಾನೆ. ಎಲ್ಲದಕ್ಕೂ ಮೂರು. ‘ಎಲ್ಲ ಕಡೆ ಒಂದೇ ಸ್ಥಿತಿ, ಹಂತಹಂತವಾಗಿ ಕ್ರಮ ಕೈಗೊಳ್ಳಲಾಗುವುದು’ ಅಂತ ಷರಾ ಬರೆದು ಕಡತ ಮುಚ್ಚುತ್ತಾನೆ.

ಈಗ ಒಂದು ಅಂಕಿಯನ್ನೂ ಬದಲಿಸದೆ, ಸಾಲು ಮತ್ತು ಕಾಲಂಗಳ ಜಾಗ ಮಾತ್ರ ಬದಲಿಸುವ. ಕಾಲಂಗಳು ಈಗ ಚರಂಡಿ, ನೀರು, ರಸ್ತೆ, ಜಾತಿ ಸರ್ಟಿಫಿಕೇಟು, ಸ್ಮಶಾನ, ಹಕ್ಕುಪತ್ರ.

ಅ ■ ■ ■ □ □ □
ಈ ■ ■ ■ □ □ □
ಉ ■ ■ ■ □ □ □
ಆ □ □ □ ■ ■ ■
ಇ □ □ □ ■ ■ ■
ಊ □ □ □ ■ ■ ■

ಕಂಡಿತಾ? ಇಲ್ಲಿ ಎರಡು ಬೇರೆ ಬೇರೆ ಅನ್ಯಾಯ ಉಂಟು. ಮೇಲಿನ ಮೂರು ಕಾಲನಿಗೆ ಪೈಪು, ಕಾಂಕ್ರೀಟು, ಚರಂಡಿ ಬೇಕು. ಅದು ಪಾಲಿಕೆಯ ಎಂಜಿನಿಯರ್ ಮೇಜಿನ ವಿಷಯ. ಕೆಳಗಿನ ಮೂರು ಕಾಲನಿಗೆ ಬೇಕಾದದ್ದು ಕಾಗದ ಮತ್ತು ನೆಲ. ಅದು ಕಂದಾಯ ಇಲಾಖೆಯ, ತಹಶೀಲ್ದಾರರ ಮೇಜಿನ ವಿಷಯ. ಆರೂ ಕಾಲನಿಯವರು ಸೇರಿ ‘ಮೂಲಭೂತ ಸೌಕರ್ಯ ಕೊಡಿ’ ಅಂತ ಒಂದೇ ಮನವಿ ಕೊಟ್ಟರೆ ಅದು ಒಂದು ಮೇಜಿನಿಂದ ಇನ್ನೊಂದಕ್ಕೆ ತಿರುಗುತ್ತಾ ಇರುತ್ತದೆ. ಕುಂದುಕೊರತೆ ಸಭೆಗೆ ಹೋದವರಿಗೆಲ್ಲ ಈ ತಿರುಗಾಟ ಗೊತ್ತುಂಟು. ಎರಡು ಗುಂಪು, ಎರಡು ಮನವಿ, ಎರಡು ಹೆಸರಾಂತ ಜವಾಬ್ದಾರಿ ಅಂತಾದರೆ ನುಣುಚಿಕೊಳ್ಳಲಿಕ್ಕೆ ಜಾಗ ಕಡಿಮೆ.

ಅಷ್ಟು ದೊಡ್ಡ ಪಟ್ಟಿಯನ್ನು ಜೋಡಿಸುವುದು ಹೇಗೆ?

ಆರು ಸಾಲನ್ನು ಕಣ್ಣಳತೆಯಲ್ಲಿ ಜೋಡಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ಆರು ಸಾಲನ್ನು 720 ರೀತಿಯಲ್ಲಿ ಜೋಡಿಸಬಹುದು. ಆರು ಕಾಲಂಗೂ ಅಷ್ಟೇ. ಎರಡೂ ಸೇರಿ 5,18,400 ರೀತಿ. ನಮ್ಮ ಮಂಗಳೂರು ಮಹಾನಗರ ಪಾಲಿಕೆಯ 60 ವಾರ್ಡುಗಳನ್ನು ಎಷ್ಟು ಕ್ರಮದಲ್ಲಿ ಬರೆಯಬಹುದು ಅಂದರೆ, ಆ ಸಂಖ್ಯೆಗೆ 82 ಅಂಕಿಗಳು. 101 ಜಾತಿಗಳಿಗೆ 160 ಅಂಕಿಗಳು. ಒಂದೊಂದಾಗಿ ನೋಡುತ್ತಾ ಹೋದರೆ ಯಾವ ಕಂಪ್ಯೂಟರಿಗೂ ಮುಗಿಯುವ ಕೆಲಸ ಅಲ್ಲ.

ಫ್ರಾನ್ಸಿನ ನಕ್ಷೆ ತಜ್ಞ ಜಾಕ್ ಬರ್ತಾ ಈ ಸಮಸ್ಯೆಯನ್ನು ಕೈಯಿಂದ ಬಿಡಿಸುತ್ತಿದ್ದ. 1967ರಲ್ಲಿ ಆತನ ದೊಡ್ಡ ಪುಸ್ತಕ ಬಂತು. ಪಟ್ಟಿಯನ್ನು ಕಪ್ಪು ಬಿಳುಪು ಬಿಲ್ಲೆಗಳಾಗಿ ಮಾಡಿ, ಸಾಲುಗಳನ್ನು ಎಳೆದು ಎಳೆದು ಜಾಗ ಬದಲಿಸುವ ವಿಧಾನ ಆತನದ್ದು. ಆತನ ಒಂದು ಹೆಸರಾದ ಉದಾಹರಣೆ ನಮಗೆ ಬಹಳ ಹತ್ತಿರದ್ದು. 16 ಊರು, 9 ಪ್ರಶ್ನೆ. ಪ್ರೌಢಶಾಲೆ ಉಂಟಾ, ರೈಲು ನಿಲ್ದಾಣ ಉಂಟಾ, ಪೊಲೀಸ್ ಠಾಣೆ ಉಂಟಾ, ಡಾಕ್ಟರು ಇಲ್ಲವಾ, ನೀರು ಸರಬರಾಜು ಇಲ್ಲವಾ, ಒಂದೇ ಕೋಣೆಯ ಶಾಲೆಯಾ ಅಂತೆಲ್ಲ. ಅಕ್ಷರ ಕ್ರಮದಲ್ಲಿ ಇಟ್ಟಾಗ ಅದು ಅಕ್ಕಿಯಲ್ಲಿ ಎಳ್ಳು ಚೆಲ್ಲಿದ ಹಾಗೆ. ಜೋಡಿಸಿದಾಗ ಡಾಕ್ಟರು ಇಲ್ಲದ, ನೀರಿಲ್ಲದ, ಒಂದೇ ಕೋಣೆಯ ಶಾಲೆಯ ಹಳ್ಳಿಗಳು ಒಂದು ಕಡೆ ಗಟ್ಟಿಯಾಗಿ ಕೂತವು. ಪ್ರೌಢಶಾಲೆ, ರೈಲು ಇರುವ ಪಟ್ಟಣ ಇನ್ನೊಂದು ತುದಿಗೆ ಹೋಯಿತು. ಇಲ್ಲದಿರುವುದೆಲ್ಲ ಒಟ್ಟಿಗೇ ಇರುವುದಿಲ್ಲ ಎನ್ನುವುದು ಒಂದೇ ನೋಟಕ್ಕೆ ಗೊತ್ತಾಯಿತು.

ಕೈಯಲ್ಲಿ ಮಾಡುವ ಈ ಕೆಲಸವನ್ನು ಕಂಪ್ಯೂಟರಿಗೆ ಕೊಡುವ ಒಂದು ದಾರಿಯೇ ಇವಲ್ಯೂಷನರಿ ಅಲ್ಗಾರಿದಮ್. ಜೀವವಿಕಾಸದ ನಡೆಯನ್ನು ಅನುಕರಿಸುವ ಲೆಕ್ಕ. ಜಾನ್ ಹಾಲೆಂಡ್ 1975ರ ಪುಸ್ತಕದಲ್ಲಿ ಇದಕ್ಕೆ ಬುನಾದಿ ಹಾಕಿದರು. ಪಟ್ಟಿ ಜೋಡಿಸಲಿಕ್ಕೆ ಇದನ್ನು ಬಳಸುವ ಬಗ್ಗೆ ಸ್ಟೆಫಾನ್ ನೀರ್ಮನ್ 2005ರಲ್ಲಿ ‘ದಿ ಅಮೆರಿಕನ್ ಸ್ಟ್ಯಾಟಿಸ್ಟಿಶಿಯನ್’ ಪತ್ರಿಕೆಯಲ್ಲಿ ಬರೆದರು. ಹೆಸರು ಕೇಳಿ ಹೆದರಬೇಡಿ, ಒಳಗಿನ ವಿಷಯ ಸುಲಭ.

ಮೊದಲು ಪಟ್ಟಿಯನ್ನು ಸುಮ್ಮನೆ ಕಲಸಿ ನೂರು ಬೇರೆ ಬೇರೆ ಕ್ರಮ ಮಾಡುವುದು. ಪ್ರತಿಯೊಂದಕ್ಕೂ ಅಂಕ ಕೊಡುವುದು. ಅಂಕ ಹೇಗೆ? ಪ್ರತಿ ಚೌಕವೂ ತನ್ನ ಪಕ್ಕದ, ಕೆಳಗಿನ ಚೌಕದಿಂದ ಎಷ್ಟು ಬೇರೆ ಅಂತ ಎಣಿಸುವುದು. ವ್ಯತ್ಯಾಸ ಕಡಿಮೆ ಆದಷ್ಟು ಪಟ್ಟಿ ಓದಲಿಕ್ಕೆ ಸುಲಭ. ಮೇಲಿನ ನನ್ನ ಮೊದಲ ಪಟ್ಟಿಯಲ್ಲಿ ಅಂಥ ವ್ಯತ್ಯಾಸ 36, ಜೋಡಿಸಿದ ಮೇಲೆ 12. ನೀವೇ ಎಣಿಸಿ ನೋಡಬಹುದು. ಆ ನೂರರಲ್ಲಿ ಚೆನ್ನಾಗಿರುವವುಗಳನ್ನು ಉಳಿಸಿಕೊಂಡು, ಎರಡೆರಡನ್ನು ಬೆರೆಸುವುದು. ಒಂದು ಕ್ರಮದಿಂದ ಒಂದು ತುಂಡನ್ನು ಹಾಗೇ ತೆಗೆದುಕೊಂಡು, ಉಳಿದ ಸಾಲುಗಳನ್ನು ಇನ್ನೊಂದರ ಕ್ರಮದಲ್ಲಿ ತುಂಬುವುದು, ಯಾವ ಸಾಲೂ ಎರಡು ಸಲ ಬಾರದ ಹಾಗೆ. ಆಗಾಗ ಎರಡು ಸಾಲುಗಳ ಜಾಗವನ್ನು ಸುಮ್ಮನೆ ಅದಲುಬದಲು ಮಾಡುವುದು. ಮತ್ತೆ ಅಂಕ, ಮತ್ತೆ ಆಯ್ಕೆ. ಹೀಗೆ ಸಾವಿರಾರು ತಲೆಮಾರು. ಲ್ಯಾಪ್‌ಟಾಪಿನಲ್ಲಿ ಸ್ವಲ್ಪ ಹೊತ್ತಿನ ಕೆಲಸ. ಎಲ್ಲಕ್ಕಿಂತ ಉತ್ತಮ ಕ್ರಮವೇ ಸಿಗುತ್ತದೆ ಅಂತ ಖಾತ್ರಿ ಇಲ್ಲ. ಆದರೆ ಎ, ಬಿ, ಸಿ, ಡಿಗಿಂತ ಎಷ್ಟೋ ಮೇಲಾದದ್ದು ಸಿಗುತ್ತದೆ.

‘ಯೋಗ್ಯತೆ’ ಎಂಬ ಪದ

ಈ ಲೆಕ್ಕದಲ್ಲಿ ಅಂಕಕ್ಕೆ ‘ಫಿಟ್‌ನೆಸ್’ ಅನ್ನುತ್ತಾರೆ. ಕನ್ನಡದಲ್ಲಿ ಯೋಗ್ಯತೆ. ವಿಕಾಸ, ಯೋಗ್ಯತೆ, ಆಯ್ಕೆ ಎಂಬ ಪದಗಳನ್ನು ಕೇಳಿದರೆ ನಮ್ಮವರ ಕಿವಿ ನೆಟ್ಟಗಾಗುವುದು ಸಹಜ. ಇದೇ ಪದಗಳನ್ನು ಹಿಡಿದುಕೊಂಡು ಮನುಷ್ಯರನ್ನು ಶ್ರೇಷ್ಠ, ಕನಿಷ್ಠ ಅಂತ ವಿಂಗಡಿಸಿದ ಚರಿತ್ರೆ ಉಂಟು. ನಮ್ಮ ದೇಶದಲ್ಲಿ ಅದು ಪಟ್ಟಿಯ ರೂಪದಲ್ಲೇ ಬಂತು. 1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲಿ ಜಾತಿಗಳನ್ನು ಅಕ್ಷರ ಕ್ರಮದಲ್ಲಿ ಇಡಲಿಲ್ಲ. ಸಾಮಾಜಿಕ ಅಂತಸ್ತಿನ ಕ್ರಮದಲ್ಲಿ, ಮೇಲಿನಿಂದ ಕೆಳಕ್ಕೆ ಇಡಲಿಕ್ಕೆ ಹೊರಟ. ನಾವು ಆಗ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕೆನರಾದವರು. ದೇಶದ ತುಂಬ ಜಾತಿ ಸಭೆಗಳು ‘ನಮ್ಮನ್ನು ಒಂದು ಮೆಟ್ಟಿಲು ಮೇಲೆ ಹಾಕಿ’ ಅಂತ ಅರ್ಜಿ ಹಿಡಿದು ಓಡಿದವು. ಅಲ್ಲಿ ಸಾಲಿನ ಜಾಗವೇ ತೀರ್ಪು ಆಗಿಹೋಯಿತು. ಮೂಗಿನ ಅಳತೆಯಿಂದ ಜಾತಿಯ ದರ್ಜೆ ಹೇಳಬಹುದು ಅಂತಲೂ ಅದೇ ರಿಸ್ಲಿ ವಾದಿಸಿದ. ಬಾಬಾಸಾಹೇಬರು 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಅದೇ ಥರದ ಮೂಗಿನ ಅಳತೆಗಳನ್ನು ಎತ್ತಿಕೊಂಡು, ಅಸ್ಪೃಶ್ಯರು ಬೇರೆ ಜನಾಂಗ ಎನ್ನುವ ವಾದವನ್ನು ಅವರದೇ ಅಂಕಿಯಿಂದ ಕೆಡವಿದರು.

ಈ ಅಲ್ಗಾರಿದಮ್ಮಿನ ಒಂದು ಗುಣ ನನಗೆ ಇಷ್ಟವಾಗುವುದು ಇಲ್ಲೇ. ಅದು ಜೋಡಿಸಿ ಕೊಟ್ಟ ಪಟ್ಟಿಯನ್ನು ತಲೆಕೆಳಗು ಮಾಡಿ, ಕೊನೆಯ ಸಾಲನ್ನು ಮೇಲಕ್ಕೆ, ಮೊದಲ ಸಾಲನ್ನು ಕೆಳಕ್ಕೆ ತನ್ನಿ. ಅಂಕ ಒಂದು ಚೂರೂ ಬದಲಾಗುವುದಿಲ್ಲ. ಯಾರು ಯಾರ ಪಕ್ಕ ಎನ್ನುವುದು ಅದಕ್ಕೆ ಗೊತ್ತು. ಯಾರು ಮೇಲು, ಯಾರು ಕೀಳು ಎನ್ನುವುದು ಗೊತ್ತೇ ಇಲ್ಲ. ರಿಸ್ಲಿಯ ಪಟ್ಟಿಗೆ ಗೊತ್ತಿದ್ದದ್ದು ಅದೊಂದೇ.

ಇನ್ನೊಂದು ಪಾಠವೂ ಉಂಟು. ಇಲ್ಲಿ ಯೋಗ್ಯತೆ ಎಂದರೆ ಯಾರೋ ಒಬ್ಬರು ಮೊದಲೇ ಬರೆದಿಟ್ಟ ಸೂತ್ರ. ಸೂತ್ರ ಬದಲಿಸಿದರೆ ಬೇರೆಯದೇ ಕ್ರಮ ಯೋಗ್ಯ ಆಗುತ್ತದೆ. ಟಿವಿ ಚರ್ಚೆಯಲ್ಲಿ ‘ಮೆರಿಟ್, ಮೆರಿಟ್’ ಅಂತ ಬಾಯಿ ಬಡಿದುಕೊಳ್ಳುವವರಿಗೆ ಇದನ್ನು ತೋರಿಸಬೇಕು. ಸೂತ್ರ ಬರೆದವರು ಯಾರು ಅಂತ ಕೇಳದೆ ಯೋಗ್ಯತೆಯ ಮಾತಾಡುವುದರಲ್ಲಿ ಅರ್ಥ ಇಲ್ಲ.

ಬಾಬಾಸಾಹೇಬರು ಜೋಡಿಸಿದ ನಾಲ್ಕು ಸಾಲು

‘ಇದೆಲ್ಲ ಕಂಪ್ಯೂಟರಿನವರ ಆಟ, ಚಳವಳಿಗೆ ಎಂತಕ್ಕೆ’ ಅಂತ ಕೇಳುವವರಿಗೆ ಒಂದು ಹಳೆಯ ಪಟ್ಟಿ ನೆನಪಿಸುತ್ತೇನೆ. 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಬಾಬಾಸಾಹೇಬರು ಸೈಮನ್ ಆಯೋಗಕ್ಕೆ ಬಾಂಬೆ ಪ್ರಾಂತ್ಯದ ಶಿಕ್ಷಣದ ಬಗ್ಗೆ ಹೇಳಿಕೆ ಕೊಟ್ಟರು. ಅದರಲ್ಲಿ ನಾಲ್ಕೇ ಸಾಲಿನ ಒಂದು ಪಟ್ಟಿ ಉಂಟು. ಜನಸಂಖ್ಯೆಯಲ್ಲಿ ಎಷ್ಟನೇ ಸ್ಥಾನ, ಶಿಕ್ಷಣದಲ್ಲಿ ಎಷ್ಟನೇ ಸ್ಥಾನ ಅಂತ ಎರಡನ್ನೂ ಅಕ್ಕಪಕ್ಕ ಇಟ್ಟರು. ಮುಂದುವರಿದ ಹಿಂದೂಗಳು ಜನಸಂಖ್ಯೆಯಲ್ಲಿ ನಾಲ್ಕನೆಯವರು. ಪ್ರಾಥಮಿಕ, ಪ್ರೌಢ, ಕಾಲೇಜು ಮೂರರಲ್ಲೂ ಮೊದಲಿನವರು. ಅಸ್ಪೃಶ್ಯರೂ ಸೇರಿದ್ದ ಹಿಂದುಳಿದ ವರ್ಗ ಜನಸಂಖ್ಯೆಯಲ್ಲಿ ಎರಡನೆಯದು. ಮೂರೂ ಹಂತದಲ್ಲಿ ಕೊನೆಯದು.

ಅಲ್ಲಿದ್ದ ಅಂಕಿಗಳು ಸರ್ಕಾರದ್ದೇ. ಜೋಡಣೆ ಅವರದ್ದು. ಎರಡು ಕ್ರಮವನ್ನು ಒಟ್ಟಿಗೆ ಇಟ್ಟದ್ದರಿಂದ ನೂರು ಪುಟದ ಭಾಷಣ ಹೇಳುವುದನ್ನು ನಾಲ್ಕು ಸಾಲು ಹೇಳಿತು. ಆಗ ಪೆನ್ನು ಸಾಕಾಗಿತ್ತು. 101 ಸಾಲಿಗೆ, ಹತ್ತಾರು ಪ್ರಶ್ನೆಗೆ ಪೆನ್ನು ಸಾಲದು. ಅಷ್ಟೇ ವ್ಯತ್ಯಾಸ.

ಎಚ್ಚರ ಎಲ್ಲಿ ಬೇಕು?

ಯಂತ್ರ ಕ್ರಮ ಕೊಡುತ್ತದೆ, ಗೆರೆ ಎಳೆಯುವುದಿಲ್ಲ. ಎಲ್ಲಿ ಒಂದು ಗುಂಪು ಮುಗಿದು ಇನ್ನೊಂದು ಶುರುವಾಗುತ್ತದೆ ಎನ್ನುವುದು ಮನುಷ್ಯರ ತೀರ್ಮಾನ. ನಮ್ಮ ಕಣ್ಣೆದುರೇ ಉಂಟಲ್ಲ: ನಾಗಮೋಹನ ದಾಸ್ ಆಯೋಗ ಅದೇ ಅಂಕಿಅಂಶದಿಂದ ಐದು ಗುಂಪು ಶಿಫಾರಸು ಮಾಡಿತು. 2025ರ ಆಗಸ್ಟ್ 19ರಂದು ಸಚಿವ ಸಂಪುಟ ಅದನ್ನು ಮೂರು ಮಾಡಿತು, 6, 6, 5 ಅಂತ. ಆಯೋಗ ಶೇ. 1 ಪ್ರತ್ಯೇಕವಾಗಿ ಇಟ್ಟಿದ್ದ ಅಲೆಮಾರಿ ಮತ್ತು ಅತಿ ಹಿಂದುಳಿದ ಸಮುದಾಯಗಳು ದೊಡ್ಡ ಜಾತಿಗಳ ಜೊತೆ ಶೇ. 5ರ ಗುಂಪಿಗೆ ಹೋದವು. ಅಲೆಮಾರಿಗಳು ಬೀದಿಗಿಳಿದದ್ದು ಅದಕ್ಕೇ. ಜೋಡಿಸಿದ ಪಟ್ಟಿ ಎಲ್ಲರ ಕೈಯಲ್ಲಿ ಇದ್ದಿದ್ದರೆ, ಆ ಗೆರೆ ಎಲ್ಲಿ ಯಾಕೆ ಬಿತ್ತು ಅಂತ ಸಂಪುಟದವರು ಸಾಲು ತೋರಿಸಿ ಉತ್ತರ ಕೊಡಬೇಕಾಗುತ್ತಿತ್ತು. ಗೆರೆ ಎಳೆಯುವ ಅಧಿಕಾರ ಅವರದ್ದೇ ಇರಲಿ, ಕಾಣುವ ಹಕ್ಕು ನಮ್ಮದು.

ಎರಡನೆಯದು, ಸಾಲಿನಲ್ಲಿ ಇಲ್ಲದವರನ್ನು ಯಾವ ಅಲ್ಗಾರಿದಮ್ಮೂ ಹುಡುಕಿ ತರುವುದಿಲ್ಲ. ಸಮೀಕ್ಷೆಯಲ್ಲಿ ಸುಮಾರು 4.75 ಲಕ್ಷ ಜನ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತ ಮಾತ್ರ ಹೇಳಿ ಮೂಲ ಜಾತಿ ಹೇಳಲಿಲ್ಲ. ನಮ್ಮ ಜಿಲ್ಲೆಯಲ್ಲಿ ‘ಆದಿದ್ರಾವಿಡ’ ಅಂತ ಶಾಲಾ ದಾಖಲೆಯಲ್ಲಿ ಬರೆಸಿಕೊಂಡ ಮನೆಗಳು ಎಷ್ಟಿಲ್ಲ? ಅದಕ್ಕೆ ಕಾರಣ ಉಂಟು. ಜಾತಿಯ ಹೆಸರು ಹೇಳಿದರೆ ಬಾಡಿಗೆ ಮನೆ ಸಿಗದ ಊರಿನಲ್ಲಿ ಜನ ಹೆಸರು ಮುಚ್ಚಿಡುತ್ತಾರೆ.

ಮೂರನೆಯದು, ಸಣ್ಣ ಸಮುದಾಯ. ಹತ್ತೇ ಮನೆ ಇರುವ ಕಡೆ ಒಂದು ಮನೆಯ ಹುಡುಗಿ ಡಿಗ್ರಿ ಮಾಡಿದರೆ ಶೇಕಡಾವಾರು ಹಾರುತ್ತದೆ, ಸಾಲು ಬೇರೆ ಗುಂಪಿಗೆ ಜಿಗಿಯುತ್ತದೆ. ಅಂಥ ಸಾಲಿನ ಪಕ್ಕ ಒಟ್ಟು ಮನೆ ಎಷ್ಟು ಅಂತ ಬರೆದಿರಲೇಬೇಕು. ಮತ್ತೆ, ವಾರ್ಡುವಾರು ಜಾತಿವಾರು ಬಿಡಿಸಿ ಪ್ರಕಟಿಸಿದರೆ ಎರಡು ಮೂರು ಮನೆಯವರು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅಂಥ ಕಡೆ ಪಕ್ಕದ ವಾರ್ಡುಗಳನ್ನು ಸೇರಿಸಿ ಕೊಡಬೇಕು. ಮಾಹಿತಿ ಬೇಕು ಅಂತ ನಮ್ಮವರ ಮನೆ ಬಾಗಿಲು ತೆರೆದಿಡಲಿಕ್ಕೆ ಆಗುವುದಿಲ್ಲ.

ಹಾಗಾದರೆ ಎಂತ ಮಾಡುವ?

ಒಂದು. ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಕೇಳುವ. ನಾನೊಮ್ಮೆ ಕಾಲನಿಗಳ ಸೌಕರ್ಯದ ಮಾಹಿತಿ ಕೇಳಿದಾಗ ಒಂದು ಕಚೇರಿಯಿಂದ ಬಂದದ್ದು, ಕಂಪ್ಯೂಟರಿನಲ್ಲಿದ್ದ ಪಟ್ಟಿಯನ್ನು ಪ್ರಿಂಟ್ ತೆಗೆದು, ಮತ್ತೆ ಸ್ಕ್ಯಾನ್ ಮಾಡಿ, ಓರೆಯಾಗಿ ಕೂತ ಪಿಡಿಎಫ್. ಒಂದು ಸಾಲು ಸಹ ಕಾಪಿ ಮಾಡಲಿಕ್ಕೆ ಬರುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 2(ಜೆ) ಓದಿ. ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲೇ ಪಡೆಯುವ ಹಕ್ಕು ಅದರಲ್ಲಿ ಉಂಟು. ಸೆಕ್ಷನ್ 7(9) ಪ್ರಕಾರ ಸಾಮಾನ್ಯವಾಗಿ ಕೇಳಿದ ರೂಪದಲ್ಲೇ ಕೊಡಬೇಕು. ಅರ್ಜಿಯಲ್ಲಿ ಈ ಎರಡನ್ನೂ ಬರೆಯಿರಿ.

ಎರಡು. ಸಮೀಕ್ಷೆಯ ಜಾತಿವಾರು, ತಾಲೂಕುವಾರು ಪಟ್ಟಿಗಳನ್ನು ಹೆಸರು, ವಿಳಾಸ ತೆಗೆದು, ಎಲ್ಲರೂ ಜೋಡಿಸಿ ನೋಡಬಹುದಾದ ರೂಪದಲ್ಲಿ ಸರ್ಕಾರ ಪ್ರಕಟಿಸಬೇಕು ಅಂತ ನಮ್ಮ ಹಕ್ಕೊತ್ತಾಯದಲ್ಲಿ ಸೇರಿಸುವ. ಪರ್ಸೆಂಟೇಜಿನ ಜಗಳದಲ್ಲಿ ಇದು ಮರೆತುಹೋಗಬಾರದು.

ಮೂರು. ಕಲಿಯುವ. ‘ಆರ್’ ಎಂಬ ಪುಕ್ಕಟೆ ತಂತ್ರಾಂಶ ಉಂಟು. ಅದರಲ್ಲಿ ‘ಸೀರಿಯೇಶನ್’ ಎಂಬ ಪ್ಯಾಕೇಜ್ ಈ ಕೆಲಸಕ್ಕಾಗಿಯೇ ಇರುವುದು. ಮಂಗಳೂರಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ನಮ್ಮ ಹುಡುಗ ಹುಡುಗಿಯರು ಎಷ್ಟು ಜನ ಇದ್ದಾರೆ! ಹಾಸ್ಟೆಲಿನ ಒಂದು ಭಾನುವಾರ ಸಾಕು. ತಂಗಿಯಂದಿರೇ, ತಮ್ಮಂದಿರೇ, ನಿಮ್ಮ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾ ಇದ್ದರೆ ಇದನ್ನು ಮಾಡಿ.

ನಾಲ್ಕು. ಲ್ಯಾಪ್‌ಟಾಪ್ ಇಲ್ಲದವರು ಕೈಯಲ್ಲಿ ಮಾಡಿ. ನಿಮ್ಮ ಗ್ರಾಮದ ಕಾಲನಿಗಳನ್ನು ಒಂದೊಂದು ಕಾಗದದ ಪಟ್ಟಿಯಲ್ಲಿ ಬರೆದು, ಇಲ್ಲದ್ದಕ್ಕೆ ಕಪ್ಪು ಹಚ್ಚಿ, ಸಂಘದ ಸಭೆಯಲ್ಲಿ ಚಾಪೆಯ ಮೇಲೆ ಹರಡಿ. ಹೆಂಗಸರನ್ನು ಮೊದಲು ಕೂರಿಸಿ. ನೀರು ಎಲ್ಲಿ ಇಲ್ಲ ಎನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿಲ್ಲ. ಒಂದೇ ಥರದ ಪಟ್ಟಿಗಳನ್ನು ಅಕ್ಕಪಕ್ಕ ಸರಿಸುತ್ತಾ ಹೋಗಿ. ಮುಂದಿನ ಮನವಿಯನ್ನು ಯಾವ ಮೇಜಿಗೆ ಬರೆಯಬೇಕು ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಯಾರ ಪಕ್ಕ ಯಾರು ಕೂರಬೇಕು ಅಂತ ತೀರ್ಮಾನ ಮಾಡುವ ಅಧಿಕಾರವನ್ನು ಊರಿನ ಊಟದ ಪಂಕ್ತಿಯಲ್ಲಿ ನಾವು ಪ್ರಶ್ನಿಸಿದ್ದೇವೆ, ಇನ್ನೂ ಪ್ರಶ್ನಿಸುತ್ತಾ ಇದ್ದೇವೆ. ಸರ್ಕಾರದ ಪಟ್ಟಿಯಲ್ಲೂ ಅದನ್ನೇ ಕೇಳುವ.

ನಿಮ್ಮ ಕಡೆಯ ಪಟ್ಟಿ ಯಾವುದಾದರೂ ಎಕ್ಸೆಲ್ ರೂಪದಲ್ಲಿ ಇದ್ದರೆ ತಿಳಿಸಿ. ಒಟ್ಟಿಗೆ ಕೂತು ಜೋಡಿಸುವ.

ಜೈ ಭೀಮ್.